ಅಣ್ಣನ ಹಳದಿ ಅಂಗಿ

ಪಿಟೀಲು ಇದ್ದಕ್ಕಿದ್ದಂತೆ ನಿಂತಿತು.

ನಾನು ಆಗ ಅಂಗಡಿಯ ಹಿಂದಿನ ಕೋಣೆಯಲ್ಲಿ ಒಗೆಯುವ ಯಂತ್ರದ ಬಾಯಿಗೆ ಹೋಟೆಲಿನ ಚಾದರಗಳನ್ನು ತುರುಕುತ್ತಿದ್ದೆ. ಬೆಳಗಿನಿಂದ ಎಡೆಬಿಡದೆ ಕೇಳುತ್ತಿದ್ದ ಅಳು ನಿಂತರೆ ಯಾರಿಗಾದರೂ ನೆಮ್ಮದಿಯಾಗಬೇಕು. ನನಗೆ ಆಗಲಿಲ್ಲ. ಎಂಜಲು ನುಂಗಲೂ ಕಷ್ಟಪಡುವ ಮಗು ಅದು. ಸದ್ದು ನಿಂತಿತೆಂದರೆ ಮೊದಲು ಉಸಿರು ನೋಡಬೇಕು. ಚಾದರವನ್ನು ಅಲ್ಲೇ ಬಿಸಾಕಿ ಮುಂದಿನ ಕೋಣೆಗೆ ಓಡಿದೆ.

ಪಿಟೀಲು ಎಂದರೆ ನನ್ನ ತಮ್ಮನ ಮಗಳು. ಎರಡು ವರ್ಷ ತುಂಬಲು ಇನ್ನು ಒಂದೂವರೆ ತಿಂಗಳಿತ್ತು. ಹುಟ್ಟಿದಾಗಿನಿಂದ ಅವಳ ಅಳು ಸಣ್ಣಗೆ, ಉದ್ದಕ್ಕೆ, ಒಂದೇ ತಂತಿಯ ಮೇಲೆ ಕಮಾನು ಎಳೆದ ಹಾಗೆ. ಅದಕ್ಕೇ ನಾನು ಆ ಹೆಸರಿಟ್ಟೆ. ಜೋರಾಗಿ ಅಳುವುದಕ್ಕೂ ಸ್ನಾಯುವಿನಲ್ಲಿ ಬಲ ಬೇಕು, ಅವಳಲ್ಲಿ ಇಲ್ಲದ್ದೇ ಅದು ಎಂದು ಆಮೇಲೆ ಗೊತ್ತಾಯಿತು. ಅಷ್ಟು ಹೊತ್ತಿಗೆ ಹೆಸರು ಅಂಟಿಕೊಂಡಾಗಿತ್ತು.

ಇಸ್ತ್ರಿ ಮೇಜಿನ ಪಕ್ಕದಲ್ಲಿ ಬಟ್ಟೆಯ ದೊಡ್ಡ ಬುಟ್ಟಿಯೊಳಗೆ ಟವೆಲುಗಳ ಒರಗು ಕೊಟ್ಟು ಅವಳನ್ನು ಕೂರಿಸಿದ್ದೆ. ಹಾಗೆಯೇ ಕೂತಿದ್ದಳು. ಉಸಿರು ಸರಿಯಾಗಿಯೇ ಇತ್ತು. ಮುಖಕ್ಕೆ ಒಂದು ಹಳದಿ ಬಟ್ಟೆ ಅವಚಿಕೊಂಡು, ಅದರ ತೋಳನ್ನು ಬಾಯಿಗಿಟ್ಟುಕೊಂಡು, ಅರೆಗಣ್ಣು ಮುಚ್ಚಿ ಚೀಪುತ್ತಿದ್ದಳು. ಅದು ಅವಳ ಅಣ್ಣನ ಅಂಗಿ.

"ಇದೆಲ್ಲಿಂದ ಬಂತು?" ನಾನು ಕಿರುಚಿದ ರಭಸಕ್ಕೆ ಇಸ್ತ್ರಿಯವನ ಕೈಯಿಂದ ಪೆಟ್ಟಿಗೆ ಜಾರುವುದರಲ್ಲಿತ್ತು.

"ನಿಮ್ ತಮ್ಮ ಈಗ್ತಾನೆ ಒಂದ್ ಚೀಲ ಇಟ್ಟು ಹೋದ್ರಮ್ಮ. ಮನೆ ಬಟ್ಟೆ ಅಂದ್ರು. ಸುರಿದು ವಿಂಗಡಿಸ್ತಿದ್ದೆ, ಪಾಪು ಆ ಅಂಗಿ ಕಡೆ ಕೈ ಚಾಚ್ತು. ಕೊಟ್ಟೆ. ನೋಡಿ, ಹೆಂಗೆ ಸುಮ್ನಾಯ್ತು!" ಎಂದ, ಬಹುಮಾನ ಸಿಗುತ್ತದೆ ಎಂಬಂತೆ. ಅವನಿಗೇನು ಗೊತ್ತು, ಪಾಪ.

ಅಂಗಿಯನ್ನು ಕಿತ್ತುಕೊಂಡೆ. ಕೊರಳಪಟ್ಟಿಯ ಮೇಲೆ ಜೊಲ್ಲು, ಹಾಲು ಒಣಗಿ ಗಟ್ಟಿಯಾಗಿತ್ತು. ನೆಲದ ಮೇಲಿನ ರಾಶಿಯಲ್ಲಿ ಅದೇ ಹುಡುಗನ ಚಡ್ಡಿಗಳು, ಕೊಳೆಯಾದ ಹಾಸುಬಟ್ಟೆಗಳು. ಪಿಟೀಲು ಮತ್ತೆ ಶುರುವಾಯಿತು. ಅವಳನ್ನು ಎತ್ತಿಕೊಂಡು ನಲ್ಲಿಯ ಹತ್ತಿರ ಓಡಿ ಕೈ ತೊಳೆದೆ, ಮುಖ ತೊಳೆದೆ, ಒದ್ದೆ ಬಟ್ಟೆಯಿಂದ ಬಾಯೊಳಗೆ ಒರೆಸಿದೆ. ಎಣ್ಣೆ, ಶಾಯಿ, ರಕ್ತ, ತುಕ್ಕು, ಜನರ ಎಂತೆಂಥ ಕಲೆಗಳನ್ನೋ ತೆಗೆದವಳು ನಾನು. ಬಾಯೊಳಗೆ ಹೋದದ್ದನ್ನು ತೆಗೆಯುವ ಸಾಬೂನು ಮಾತ್ರ ನನ್ನ ಬಳಿ ಇರಲಿಲ್ಲ.

ಇಷ್ಟಕ್ಕೆಲ್ಲ ಯಾಕೆ ಈ ರಂಪ ಎಂದರೆ, ಸ್ವಲ್ಪ ಹಿಂದಿನದು ಹೇಳಬೇಕು.

ತಮ್ಮನ ಇಬ್ಬರು ಮಕ್ಕಳಿಗೂ ಒಂದೇ ಕಾಯಿಲೆ. ದೊಡ್ಡವನಿಗೆ ನಾಲ್ಕು ವರ್ಷ. ಅವನನ್ನು ನಾವು ಸಾಹುಕಾರ ಎನ್ನುತ್ತೇವೆ, ಮಲಗಿದಲ್ಲಿಂದಲೇ ಮನೆಮಂದಿಗೆಲ್ಲ ಹುಕುಂ ಮಾಡುವುದರಿಂದ. ಇಬ್ಬರಿಗೂ ಒಂದು ಜೀನು ಹುಟ್ಟಿನಿಂದಲೇ ಕೆಟ್ಟಿದೆ. ಅದರಿಂದ ಬೆನ್ನುಹುರಿಯ ನರಗಳು ಒಂದೊಂದಾಗಿ ಸಾಯುತ್ತವೆ, ಕೈಕಾಲು ಸೋಲುತ್ತವೆ, ಕೊನೆಗೆ ಉಸಿರೂ. ಆಸ್ಪತ್ರೆಯಲ್ಲಿ ಹೊಸದೊಂದು ಔಷಧಿಯ ಪ್ರಯೋಗ ನಡೆಯುತ್ತಿತ್ತು. ಒಳ್ಳೆಯ ಜೀನನ್ನು ಒಂದು ವೈರಸ್ಸಿನ ಖಾಲಿ ಚಿಪ್ಪಿನೊಳಗೆ ತುಂಬಿ ರಕ್ತಕ್ಕೆ ಬಿಡುತ್ತಾರೆ, ಚಿಪ್ಪು ಅದನ್ನು ನರಗಳವರೆಗೆ ಹೊತ್ತು ಮುಟ್ಟಿಸುತ್ತದೆ. ಜನ್ಮದಲ್ಲಿ ಒಂದೇ ಸಲ.

"ಯಾಕೆ ಒಂದೇ ಸಲ?" ಎಂದು ನಾನೇ ಡಾಕ್ಟರಮ್ಮನನ್ನು ಕೇಳಿದ್ದೆ.

"ಮೈಯೊಳಗೆ ಕಾವಲುಗಾರರಿದಾರಲ್ಲಮ್ಮ, ಪ್ರತಿಕಾಯ ಅಂತ. ಮೊದಲನೇ ಸಲ ಈ ಚಿಪ್ಪಿನ ಮುಖ ಗೊತ್ತಿರಲ್ಲ, ಒಳಗೆ ಬಿಟ್ಬಿಡ್ತಾರೆ. ಒಂದ್ಸಲ ನೋಡಿದ್ರೆ ಮುಗೀತು, ಆಮೇಲೆ ಬಾಗಿಲಲ್ಲೇ ಹೊಡೆದು ಹಾಕ್ತಾರೆ. ಔಷಧಿ ವ್ಯರ್ಥ ಆಗೋದಷ್ಟೇ ಅಲ್ಲ, ಆ ಹೊಡೆದಾಟದಲ್ಲಿ ಲಿವರ್ರೇ ಹೋಗಬಹುದು. ಬೇರೆ ಕಡೆ ಒಂದು ಮಗುಗೆ ಹಂಗಾಯ್ತು." ಅವರು ಮೇಜು ನೋಡುತ್ತ ಮಾತು ನಿಲ್ಲಿಸಿದ್ದರು. "ಉಳಿಸ್ಕೊಳ್ಳೋಕಾಗ್ಲಿಲ್ಲ."

ಇನ್ನೂ ಪ್ರಯೋಗವಾದ್ದರಿಂದ ಒಂದೇ ಮನೆಯ ಇಬ್ಬರಿಗೆ ಒಟ್ಟಿಗೆ ಕೊಡುವುದಿಲ್ಲ. ಒಂದು ಮಗುವಿನ ಲಿವರ್ ತಡೆದುಕೊಂಡಿತೆಂದು ಖಾತ್ರಿಯಾದ ಮೇಲೆಯೇ ಇನ್ನೊಂದಕ್ಕೆ. ಎರಡು ವರ್ಷ ದಾಟಿದ ಮಕ್ಕಳ ಗುಂಪಿನಲ್ಲಿ ಕೊನೆಯ ಜಾಗ ಸಿಕ್ಕಿ ಸಾಹುಕಾರನಿಗೆ ಮೊದಲಾಯಿತು; ಪಿಟೀಲಿನದು ಎರಡು ವರ್ಷದೊಳಗಿನವರ ಗುಂಪು. ಔಷಧಿ ತೆಗೆದುಕೊಂಡ ಮಗುವಿನ ಜೊಲ್ಲಿನಲ್ಲಿ, ಮಲಮೂತ್ರದಲ್ಲಿ ಆ ಚಿಪ್ಪುಗಳು ಕೆಲವು ವಾರ ಹೊರಗೆ ಬರುತ್ತಿರುತ್ತವೆ. ನನಗೋ ನಿಮಗೋ ಅದು ತಾಗಿದರೆ ಏನೂ ಆಗುವುದಿಲ್ಲ. ಆದರೆ ಪಿಟೀಲಿನ ಕಾವಲುಗಾರರು ಆ ಮುಖ ನೋಡಬಾರದು. ಅದಕ್ಕೇ ಅಣ್ಣನಿಗೆ ಔಷಧಿ ಕೊಡುವ ಹಿಂದಿನ ದಿನ ಅವಳನ್ನು ನನ್ನ ಮನೆಗೆ ತಂದದ್ದು. ತಾಯಿ ಕೂಡ ಕೈಕಾಲು ತೊಳೆದು, ಬಟ್ಟೆ ಬದಲಾಯಿಸಿಯೇ ಬಂದು ನೋಡಬೇಕು. ಅಣ್ಣನನ್ನು ಬಿಟ್ಟು ಒಂದು ದಿನವೂ ಮಲಗದ ಮಗು. ನನ್ನ ಮನೆಗೆ ಬಂದಾಗಿನಿಂದ "ಅಣ್ಣ, ಅಣ್ಣ" ಎಂದು ಅತ್ತದ್ದೇ ಅತ್ತದ್ದು.

ತಮ್ಮ ಸಿಟಿ ಬಸ್ಸು ಓಡಿಸುತ್ತಾನೆ. ಫೋನು ಮಾಡಿದ್ದಕ್ಕೆ ಮಧ್ಯಾಹ್ನ ಪಾಳಿ ಮುಗಿಸಿ ಖಾಕಿಯಲ್ಲೇ ಬಂದ.

"ನಿನ್ ತಲೇಲಿ ಏನ್ ತುಂಬ್ಕೊಂಡಿದೀಯೋ?" ಎಂದೆ. ಕೋಪ ನನಗೆ ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತದೆ, ಆವತ್ತು ಮೈತುಂಬ ಇತ್ತು. "ಅವನ ಬಟ್ಟೆ ಮನೇಲೇ ಒಗೀಬೇಕು, ಕೈಗೆ ಗ್ಲೌಸ್ ಹಾಕ್ಬೇಕು ಅಂತ ನಿನಗೂ ಹೇಳಿದ್ರು, ನನಗೂ ಹೇಳಿದ್ರು. ಇಡೀ ಲೋಕ ಬಿಟ್ಟು ನೇರ ಇವಳಿರೋ ಜಾಗಕ್ಕೇ ತಂದು ಸುರಿದ್ಯಲ್ಲೋ!"

ಅವನು ಬುಟ್ಟಿಯ ಪಕ್ಕದಲ್ಲಿ ಕುಸಿದು ಕೂತ. "ನನ್ ಹೆಂಡ್ತಿಗೆ ಎರಡು ದಿನದಿಂದ ಜ್ವರ ಅಕ್ಕ. ಬಟ್ಟೆ ಬೆಟ್ಟ ಬಿದ್ದಿತ್ತು. ಏನೋ ಸಹಾಯ ಮಾಡೋಣ ಅಂತ ಎಲ್ಲಾ ಚೀಲಕ್ಕೆ ತುಂಬ್ದೆ. ಹುಟ್ಟಿದಾಗಿಂದ ನಮ್ಮನೆ ಬಟ್ಟೆ ಎಲ್ಲಿಗೆ ಬಂದಿದೆ ಹೇಳು? ಬಸ್ಸು ಹತ್ತೋ ದಾರೀಲಿ ಕಾಲು ತಾನಾಗೇ ಇಲ್ಲಿಗೆ ತಿರುಗ್ತು. ನೀನು ಫೋನ್ ಮಾಡೋವರ್ಗೂ ಹೊಳೀಲೇ ಇಲ್ಲ."

ಅದು ನಿಜ. ನಮ್ಮಪ್ಪ ಈ ಲಾಂಡ್ರಿ ಇಟ್ಟಾಗಿನಿಂದ ನಮ್ಮ ಮನೆಯ ಒಂದು ಕರವಸ್ತ್ರವೂ ಹೊರಗೆ ಒಗೆದದ್ದಿಲ್ಲ. ಬೇರೆ ಯಾವ ಮನೆಯಲ್ಲೂ ಈ ತಪ್ಪು ಆಗುತ್ತಿರಲಿಲ್ಲ.

"ನಾಡಿದ್ದು ರಕ್ತ ಪರೀಕ್ಷೆ," ಎಂದೆ. "ಮುಂದಿನ ವಾರ ಔಷಧಿ. ಈಗೇನು?"

ಇಸ್ತ್ರಿಯವನು ಹಿಂದಿನ ಕೋಣೆಗೆ ಹೋಗುವವರೆಗೆ ಅವನು ಕಾದ. ಆಮೇಲೆ ತಗ್ಗಿದ ದನಿಯಲ್ಲಿ, "ಹೇಳೋದು ಬೇಡ ಅಕ್ಕ," ಎಂದ.

"ಏನಂದೆ?"

"ಪ್ರತಿಕಾಯ ಹುಟ್ಟೋಕೆ ವಾರಗಟ್ಲೆ ಬೇಕಂತೆ. ನಾಡಿದ್ದು ರಕ್ತ ಚೆನ್ನಾಗೇ ಬರುತ್ತೆ. ಔಷಧಿ ಕೊಟ್ಬಿಡ್ತಾರೆ. ಒಂದು ಅಂಗಿ ಚೀಪಿದ್ದಕ್ಕೆ ಏನಾಗುತ್ತೆ? ಏನೂ ಆಗ್ದೇನೂ ಇರಬಹುದು. ಹೇಳಿದ್ಯೋ, ತಿಂಗಳು ಮುಂದಕ್ಕೆ ಹಾಕ್ತಾರೆ. ಎರಡು ವರ್ಷ ತುಂಬಿದ್ರೆ ಚಿಕ್ಕೋರ ಗುಂಪಿಂದ ಇವಳು ಹೊರಗೆ. ಅಷ್ಟರಲ್ಲಿ ಜಾಗ ಬೇರೆಯವರಿಗೆ ಹೋಯ್ತು ಅಂದ್ರೆ?"

"ಪ್ರತಿಕಾಯ ಒಳಗೆ ಏಳ್ತಾ ಇರೋವಾಗ ಔಷಧಿ ಹೋದ್ರೆ?"

"ಅಕ್ಕ, ಹೋದ ತಿಂಗಳು ಇವಳು ಹ್ಯಾಂಗರ್ ಹಿಡಿಯೋಕೆ ತಲೆ ಮೇಲೆ ಕೈ ಎತ್ತೋಳು. ಈಗ ಗಲ್ಲದ ತನಕ. ಮುಂದಿನ ತಿಂಗಳು ಎಲ್ಲಿ ತನಕ? ನೀನೇ ಹೇಳು." ನನ್ನ ಕೈ ಹಿಡಿದುಕೊಂಡ. "ನಿನ್ ಕಾಲಿಗೆ ಬೀಳ್ತೀನಿ. ನನ್ ಹೆಂಡ್ತಿಗೂ ಹೇಳ್ಬೇಡ."

ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ನನಗೂ ಆಸೆಯಾಯಿತು, ಅದನ್ನು ಮುಚ್ಚಿಟ್ಟು ಏನು ಪ್ರಯೋಜನ. ಕೈಗೆ ಬಂದ ತುತ್ತು ಒಂದು ಚಿಂದಿ ಬಟ್ಟೆಯ ದೆಸೆಯಿಂದ ಬಾಯಿಗೆ ಬರದೆ ಹೋಗಬೇಕೇ? ಬಟ್ಟೆ ಒಣಗಿತ್ತು, ಚೀಪಿದ್ದು ಎಷ್ಟು ಹೊತ್ತು ಮಹಾ, ನಾನು ಬಾಯಿ ಒರೆಸಿದ್ದೆನಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮರುಕ್ಷಣ ಮೇಜು ನೋಡುತ್ತ ಮಾತು ನಿಲ್ಲಿಸಿದ ಡಾಕ್ಟರಮ್ಮ ನೆನಪಾಗುತ್ತಿದ್ದರು. ಎರಡು ದಿನ ಇಸ್ತ್ರಿಯವನ ಮೇಲೆ, ಗಿರಾಕಿಗಳ ಮೇಲೆ, ಯಂತ್ರದ ಮೇಲೆ ಹಾರಾಡಿದೆ. ಒಬ್ಬರ ಬಿಳಿ ಪಂಚೆಗೆ ನೀಲಿ ಹೆಚ್ಚಾಗಿ ಅವರ ಹತ್ತಿರ ಬೈಸಿಕೊಂಡೆ.

ಪಿಟೀಲನ್ನು ಎತ್ತಿಕೊಂಡು ಆಸ್ಪತ್ರೆಗೆ ನಾವು ಮೂವರೂ ಹೋದೆವು. ಸಾಹುಕಾರನನ್ನು ಪಕ್ಕದ ಮನೆಯವರು ನೋಡಿಕೊಂಡರು. ತಮ್ಮನ ಹೆಂಡತಿಗೆ ಜ್ವರ ಬಿಟ್ಟಿತ್ತು. ಮಗಳನ್ನು ಮಡಿಲಲ್ಲಿಟ್ಟುಕೊಳ್ಳಲು ಹೆದರಿ ನನ್ನ ಪಕ್ಕದಲ್ಲೇ ಕೂತು, ಅವಳ ಪಾದವನ್ನಷ್ಟೇ ಹಿಡಿದುಕೊಂಡಿದ್ದಳು. ಗೋಡೆಯ ಮೇಲೆ ಬಣ್ಣದ ಮೀನುಗಳ ಚಿತ್ರ, ಕುರ್ಚಿಗಳ ಕಾಲಿಗೆ ಹಸಿರು ರಬ್ಬರು, ಎಲ್ಲೆಲ್ಲೂ ಸ್ಪಿರಿಟ್ಟಿನ ವಾಸನೆ. ತೂಕ ನೋಡಿದರು. ಮಕ್ಕಳಿಗೆ ವ್ಯಾಯಾಮ ಮಾಡಿಸುವವಳು ಒಂದು ಗಿಲಕಿ ತೋರಿಸಿ, "ಹಿಡಿ ನೋಡೋಣ ಕಂದ," ಎಂದಳು. ಪಿಟೀಲಿನ ಕೈ ಗಲ್ಲದವರೆಗೂ ಬರಲಿಲ್ಲ. ಎದೆಯ ಹತ್ತಿರ ನಿಂತು, ನಡುಗಿ, ಕೆಳಗೆ ಬಿತ್ತು. ತಮ್ಮ ನನ್ನ ಮುಖ ನೋಡಿದ. ನಾನು ಮೀನುಗಳನ್ನು ನೋಡಿದೆ.

ಡಾಕ್ಟರಮ್ಮ ಎಂದಿನಂತೆ ಕೇಳುತ್ತ ಹೋದರು. ಜ್ವರ? ಇಲ್ಲ. ಶೀತ? ಇಲ್ಲ. "ಈಚೆಗೆ ಅಣ್ಣನ ಹತ್ರ ಹೋಗಿದ್ಲಾ? ಅವನ ಬಟ್ಟೆ, ಲೋಟ, ಆಟಿಕೆ ಏನಾದ್ರೂ ಕೈಗೆ ಸಿಕ್ಕಿತ್ತಾ?"

"ಇಲ್ಲ ಡಾಕ್ಟ್ರೇ," ಎಂದ ತಮ್ಮ. ದನಿ ಒಂದಿಷ್ಟೂ ಅಲುಗಲಿಲ್ಲ. ನಾಲಿಗೆಗೆ ಎಲುಬಿಲ್ಲ ಎನ್ನುವುದು ಸುಮ್ಮನೆ ಅಲ್ಲ.

"ಒಳ್ಳೇದು. ರಕ್ತ ತಗೊಳ್ಳೋಣ. ಎಲ್ಲಾ ಸರಿಯಿದ್ರೆ ಮುಂದಿನ ವಾರ."

ನರ್ಸು ಪಿಟೀಲಿನ ತೋಳಿಗೆ ರಬ್ಬರು ಪಟ್ಟಿ ಬಿಗಿದಳು. ತಮ್ಮನ ಹೆಂಡತಿ ಆಗ ಸಣ್ಣಗೆ ನಕ್ಕಳು. ಅವಳು ನಕ್ಕದ್ದನ್ನು ನೋಡಿ ಎಷ್ಟು ಕಾಲವಾಗಿತ್ತೋ. "ನನ್ ಮಗಳಿಗೆ ಏನೂ ತೊಂದ್ರೆ ಆಗಲ್ಲ ಅಲ್ವಾ ಡಾಕ್ಟ್ರೇ?" ಎಂದಳು.

"ರಕ್ತ ಚೆನ್ನಾಗಿದ್ರೆ, ನೀವು ಹೇಳಿದ್ದೆಲ್ಲ ನಿಜ ಆಗಿದ್ರೆ, ಭಯ ಕಡಿಮೆ. ಮಿಕ್ಕಿದ್ದು ನಾವು ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋತೀವಿ."

ನೀವು ಹೇಳಿದ್ದೆಲ್ಲ ನಿಜ ಆಗಿದ್ರೆ. ತಮ್ಮ ಮೇಜಿನ ಕೆಳಗಿನಿಂದ ನನ್ನ ಮೊಣಕೈ ಹಿಡಿದು ಒತ್ತಿದ. ಚಿಕ್ಕವನಿದ್ದಾಗ ಶಾಲೆಯಲ್ಲಿ ಏನಾದರೂ ಒಡೆದು ಬಂದರೆ ಅಪ್ಪನ ಮುಂದೆ ಹೀಗೇ ಒತ್ತುತ್ತಿದ್ದ. ಆಗೆಲ್ಲ ನಾನು ಸುಮ್ಮನಿರುತ್ತಿದ್ದೆ.

"ಅಂಗಿ ಚೀಪಿದಾಳೆ," ಎಂದೆ.

ನರ್ಸಿನ ಸೂಜಿ ಅಲ್ಲೇ ನಿಂತಿತು.

"ಅವಳ ಅಣ್ಣಂದು. ಒಗೀದೇ ಇದ್ದ ಅಂಗಿ. ಮೊನ್ನೆ ನನ್ ಅಂಗಡೀಲಿ." ಉಳಿದದ್ದನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಮೊಣಕೈ ಮೇಲಿದ್ದ ತಮ್ಮನ ಕೈ ನಿಧಾನವಾಗಿ ಜಾರಿಹೋಯಿತು.

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಇವತ್ತಿನ ರಕ್ತ ನಂಬೋ ಹಂಗಿಲ್ಲ. ಒಂದು ತಿಂಗಳು ಕಾಯ್ಬೇಕು. ಆಗ್ಲೂ ರಕ್ತ ಚೆನ್ನಾಗಿದ್ರೆ, ಎರಡು ವರ್ಷ ತುಂಬೋಕೆ ಇನ್ನೂ ಕೆಲವು ದಿನ ಇರುತ್ತೆ. ಆ ಜಾಗ ಅಲ್ಲೀವರ್ಗೂ ನಾನು ಹಿಡಿದಿಡ್ತೀನಿ. ಅದಕ್ಕಿಂತ ಹೆಚ್ಚು ನನ್ ಕೈಲಾಗಲ್ಲ," ಎಂದರು.

ಹೊರಗಿನ ಓಣಿಯಲ್ಲಿ ತಮ್ಮ ನನ್ನ ಕಡೆ ತಿರುಗಿದ. "ಸಮಾಧಾನ ಆಯ್ತಾ ಅಕ್ಕ? ನನ್ ಮಗಳ ಜೀವ ನಿನ್ ಸತ್ಯಕ್ಕಿಂತ ಕಮ್ಮಿ ಆಯ್ತಾ?" ಎಂದು ದಾಪುಗಾಲು ಹಾಕುತ್ತ ಹೊರಟುಹೋದ. ಅವನ ಹೆಂಡತಿ ಗೋಡೆಗೆ ಒರಗಿ ನಿಂತಿದ್ದಳು. ಅವಳೂ ಏನಾದರೂ ಅನ್ನುತ್ತಾಳೆ ಎಂದು ಕಾದೆ.

"ಅಕ್ಕ," ಎಂದಳು, "ಆ ಅಂಗಿ ಕೈಗೆ ಸಿಕ್ಕಾಗ ಅಳು ನಿಲ್ಸಿದ್ಲಾ?"

"ನಿಲ್ಸಿದ್ಲು ಕಣಮ್ಮ."

"ಅಣ್ಣಂದು ಅಂತ ಗೊತ್ತಾಗಿದೆ," ಎಂದು ಮಗಳ ಪಾದಕ್ಕೆ ಮುಖವೊತ್ತಿ ಅತ್ತಳು.

ಆ ತಿಂಗಳು ಹೇಗೆ ಕಳೆಯಿತೋ ನನಗೇ ಗೊತ್ತು. ತಮ್ಮ ಅಂಗಡಿಗೆ ಕಾಲಿಡಲಿಲ್ಲ. ಅವನ ಬಸ್ಸು ನಮ್ಮ ಬೀದಿಯಲ್ಲೇ ಹೋಗುತ್ತದೆ, ಮೊದಲೆಲ್ಲ ಒಂದು ಹಾರ್ನು ಹೊಡೆದೇ ಹೋಗುತ್ತಿದ್ದ. ಈಗ ಮೂಗಿನ ನೇರಕ್ಕೆ ನೋಡುತ್ತ ಹೋಗುತ್ತಿದ್ದ. ಅವನ ಹೆಂಡತಿ ಮಾತ್ರ ಮೈ ತೊಳೆದು, ಬೇರೆ ಸೀರೆಯುಟ್ಟು ಬಂದು ಮಗಳಿಗೆ ಉಣಿಸುತ್ತಿದ್ದಳು. ಒಂದು ದಿನ ಫೋನಿನಲ್ಲಿ ವಿಡಿಯೊ ತೋರಿಸಿದಳು. ಸಾಹುಕಾರ ದಿಂಬಿನ ಆಸರೆಯಿಲ್ಲದೆ ಕೂತಿದ್ದ! ಕುತ್ತಿಗೆ ನೆಟ್ಟಗೆ ನಿಂತಿತ್ತು. "ಅತ್ತೇ, ನನ್ ಕೈ ನೋಡಿ," ಎಂದು ಬಲಗೈಯನ್ನು ತಲೆಯ ಮೇಲಕ್ಕೆ ಎತ್ತಿ ತೋರಿಸಿದ. ಔಷಧಿ ಕೆಲಸ ಮಾಡುತ್ತಿತ್ತು. ನಾವಿಬ್ಬರೂ ಖುಷಿಯಿಂದ ಅತ್ತೆವು. ಆಮೇಲೆ ಬುಟ್ಟಿಯಲ್ಲಿದ್ದ ಪಿಟೀಲಿನ ಕಡೆ ನೋಡಿದೆವು, ಆ ಅಳುವೇ ಬೇರೆಯಾಯಿತು.

ಅವಳಿಗೆ ಹಾಲು ಈಗ ಮೂಗಿನಿಂದ ಹೊರಗೆ ಬರತೊಡಗಿತ್ತು. ಹೆಗಲಿಗೆ ಹಾಕಿಕೊಂಡರೆ ನೆನೆದ ಬಟ್ಟೆಯ ಹಾಗೆ ಜೋತುಬೀಳುತ್ತಿದ್ದಳು. ಪ್ರತಿ ಸಲ ಅವಳ ಕೆಮ್ಮು ಕೇಳಿದಾಗಲೂ ಅಂದು ಬಾಯಿ ಮುಚ್ಚಿಕೊಂಡಿದ್ದರೆ ಇಷ್ಟು ಹೊತ್ತಿಗೆ ಔಷಧಿ ಒಳಗಿರುತ್ತಿತ್ತು ಎಂದು ಲೆಕ್ಕ ಹಾಕುತ್ತಿದ್ದೆ. ಹೇಳಿದ್ದು ಸರಿ ಎಂದು ಹಗಲು ಅನ್ನಿಸಿದರೆ ಸಂಜೆಗೆ ನಾನೇ ಮಗುವಿನ ಕತ್ತು ಹಿಸುಕಿದೆ ಅನ್ನಿಸುತ್ತಿತ್ತು. ಇಸ್ತ್ರಿಯವನು ಒಂದು ದಿನ, "ಅಮ್ಮಾ, ಕೊಟ್ಟಿದ್ದು ನಾನು. ನನಗೆ ನಾಕು ಬೈದುಬಿಡಿ, ನಿಮಗೂ ಹಗುರಾಗುತ್ತೆ," ಎಂದ. ಬೈದೆ. ಹಗುರಾಗಲಿಲ್ಲ.

ರಕ್ತದ ಫಲಿತಾಂಶ ಬಂದ ದಿನ ತಮ್ಮನೂ ಆಸ್ಪತ್ರೆಗೆ ಬಂದಿದ್ದ. ನನ್ನಿಂದ ಒಂದು ಕುರ್ಚಿ ಬಿಟ್ಟು ಕೂತ. ಡಾಕ್ಟರಮ್ಮ ಬಾಗಿಲು ಹಾಕಿದಾಗಲೇ ನನಗೆ ಅರ್ಥವಾಯಿತು.

"ಪ್ರತಿಕಾಯ ಎದ್ದಿದೆ," ಎಂದರು. "ಒಂಚೂರಲ್ಲ, ಜಾಸ್ತಿನೇ. ಈ ಔಷಧಿ ಇವಳಿಗೆ ಕೊಡೋಕಾಗಲ್ಲ."

ತಮ್ಮ ಕೇಳಿದ. ಅದನ್ನೇ ಕೇಳಬೇಕೆಂದು ತಿಂಗಳಿಡೀ ಕಾದಿದ್ದವನ ಹಾಗಿತ್ತು. "ಆವತ್ತು ನಾವು ಹೇಳ್ದೇ ಇದ್ದಿದ್ರೆ? ಆ ವಾರ ಕೊಟ್ಟುಬಿಟ್ಟಿದ್ರೆ?"

"ಖಡಾಖಂಡಿತ ಅಂತ ಹೇಳೋಕಾಗಲ್ಲ. ಆದ್ರೆ ಇಷ್ಟು ಏರಿದೆ ಅಂದ್ರೆ ಆಗ್ಲೇ ಶುರುವಾಗಿತ್ತು. ಔಷಧಿ ಒಳಗೆ ಹೋಗ್ತಿದ್ದ ಹಾಗೇ ಲಿವರ್ ಮೇಲೆ ಬೀಳೋದು. ನಾನು ಮೊದ್ಲೇ ಹೇಳಿದ್ನಲ್ಲ, ಇನ್ನೊಂದು ಮಗು ವಿಷಯ." ಅವರು ಈ ಸಲ ಮೇಜು ನೋಡಲಿಲ್ಲ, ನನ್ನನ್ನು ನೋಡಿದರು. "ಇವತ್ತು ಇವಳು ನಿಮ್ ಮಡಿಲಲ್ಲಿ ಇದಾಳೆ. ನಾನು ಹೇಳಬಹುದಾದ್ದು ಅಷ್ಟೇ."

ತಮ್ಮ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ಬೆನ್ನಿಗೆ ಆಗಾಗ ಚುಚ್ಚಬೇಕಾದ ಬೇರೊಂದು ಔಷಧಿಯಿದೆ, ಅದು ಕುಸಿಯುವುದನ್ನು ನಿಧಾನ ಮಾಡುತ್ತದೆ, ನಾಳೆಯಿಂದಲೇ ಶುರು ಮಾಡೋಣ ಎಂದರು. ರಕ್ತದಿಂದ ಪ್ರತಿಕಾಯವನ್ನು ಸೋಸಿ ತೆಗೆಯುವ ದಾರಿ ಹುಡುಕುತ್ತಿದ್ದಾರಂತೆ, ಕಾವಲುಗಾರರಿಗೆ ಗುರುತು ಸಿಗದ ಬೇರೆ ಚಿಪ್ಪನ್ನೂ ಮಾಡುತ್ತಿದ್ದಾರಂತೆ. "ಆಗುತ್ತೆ. ಆದ್ರೆ ಯಾವಾಗ ಅಂತ ಕೇಳ್ಬೇಡಿ, ಸುಳ್ಳು ಹೇಳ್ಬೇಕಾಗುತ್ತೆ," ಎಂದರು.

ತಮ್ಮನ ಹೆಂಡತಿ ತಲೆಯೆತ್ತಿ, "ಹಂಗಾದ್ರೆ ಇನ್ಮೇಲೆ ಇವಳನ್ನ ದೂರ ಇಡಬೇಕಾಗಿಲ್ಲ ಅಲ್ವಾ?" ಎಂದಳು.

ಡಾಕ್ಟರಮ್ಮ ಕಡತ ಮುಚ್ಚಿಟ್ಟರು. "ಇಲ್ಲ. ಇನ್ನು ಬೇಕಾಗಿಲ್ಲ."

ಅಲ್ಲಿಂದ ನೇರ ತಮ್ಮನ ಮನೆಗೆ ಹೋದೆವು. ಬಸ್ಸಿನಲ್ಲಿ ತಮ್ಮ ಈ ಸಲ ಒಂದು ಸೀಟು ಬಿಡದೆ ನನ್ನ ಪಕ್ಕದಲ್ಲೇ ಕೂತ. ಇಳಿಯುವಾಗ ಮಗಳನ್ನು ನನ್ನಿಂದ ಎತ್ತಿಕೊಂಡು, "ಕಾಲು ನೋಡ್ಕೊಂಡಿಡು ಅಕ್ಕ, ಮೆಟ್ಲು ಎತ್ತರ ಇದೆ," ಎಂದ. ನನಗೆ ಅಳು ತಡೆಯಲಾಗಲಿಲ್ಲ.

ಸಾಹುಕಾರ ಕಿಟಕಿಯ ಪಕ್ಕ ಹಾಸಿಗೆಯ ಮೇಲೆ ಕೂತಿದ್ದ. ಒಗೆದು ಒಗೆದು ಮಾಸಿದ ಅದೇ ಹಳದಿ ಅಂಗಿ ತೊಟ್ಟಿದ್ದ. ತಂಗಿಯನ್ನು ಕಂಡದ್ದೇ ತಡ, "ಪಿಟೀಲು ಬಂತು! ಇಲ್ಲಿ ಕೂರ್ಸಿ! ಇಲ್ಲಿ, ನನ್ ಪಕ್ಕ!" ಎಂದು ಹುಕುಂ ಶುರುಮಾಡಿದ. ದಿಂಬುಗಳ ನಡುವೆ ಕೂರಿಸಿದೆವು. ಅವಳು ಅವನ ತೋಳಿಗೆ ಮೂಗು ತಾಗಿಸಿ, ಬಾಯಿ ತೆರೆದು ನಕ್ಕಳು. ನಗು ಮಾತ್ರ ದೊಡ್ಡದಾಗಿಯೇ ಇತ್ತು. "ಅಣ್ಣ" ಎಂದಳು. ಅಂಗಿಯ ತೋಳನ್ನು ಬಾಯಿಗೆಳೆದುಕೊಂಡಳು. ನಮ್ಮಲ್ಲಿ ಯಾರೂ ತಡೆಯಲಿಲ್ಲ.

"ಅತ್ತೇ, ಇವಳಿಗೆ ಸೂಜಿ ಹಾಕಿಸಿದ್ರಾ?" ಎಂದು ಅವನು ಕೇಳಿದ. "ನನಗೆ ಹಾಕಿದ್ರಲ್ಲ, ಹಂಗೆ?"

ನಾನು ತಮ್ಮನ ಮುಖ ನೋಡಿದೆ. ತಮ್ಮ ಹೆಂಡತಿಯ ಮುಖ ನೋಡಿದ. ಅವಳು ಒಳಗೆ ಹೋದಳು.

ನಮ್ಮ ಉತ್ತರಕ್ಕೆ ಸಾಹುಕಾರ ಕಾಯಲಿಲ್ಲ. "ನೋಡು, ಹಿಂಗೆ," ಎಂದು ಕೈಯನ್ನು ತಲೆಯ ಮೇಲೆತ್ತಿ ತೋರಿಸಿದ. ಅವಳೂ ಎತ್ತಲು ನೋಡಿದಳು. ಕೈ ಮಡಿಲಿನಿಂದ ಒಂದಿಷ್ಟು ಮೇಲೆದ್ದು ಅಲ್ಲೇ ಬಿತ್ತು. ಮತ್ತೆ ನೋಡಿದಳು, ಮತ್ತೆ ಬಿತ್ತು. ಅವನು ಹುಬ್ಬು ಗಂಟಿಕ್ಕಿ ಒಂದು ಕ್ಷಣ ಯೋಚಿಸಿ, ಅವಳ ಮಣಿಕಟ್ಟು ಹಿಡಿದು, ಹಲ್ಲು ಕಚ್ಚಿ, ಇದ್ದ ಹೊಸ ಶಕ್ತಿಯನ್ನೆಲ್ಲ ಹಾಕಿ ಅವಳ ಕೈಯನ್ನು ತನ್ನ ಕೈಯ ಜೊತೆಗೆ ಮೇಲಕ್ಕೆತ್ತಿದ.

"ಅಪ್ಪಾ, ನೋಡಪ್ಪಾ! ಎತ್ತಿದ್ಲು!"

ಬಾಗಿಲಲ್ಲಿ ನಿಂತಿದ್ದ ತಮ್ಮ ಕಣ್ಣೊರೆಸಿಕೊಂಡು, "ಹೂಂ ಕಣೋ," ಎಂದ. "ಎತ್ತಿದ್ಲು."